ಕಾಫಿ ತೋಟದಲ್ಲಿ ಐದು ಭಾನುವಾರ: ನಮ್ಮ ರ‍್ಯಾಲಿ ಜಿಪ್ಸಿಯ ಟೆಸ್ಟಿಂಗ್ ಡೈರಿ

ಸೀಸನ್ ಶುರುವಾಗುವ ಮುಂಚೆ ಹೊಸ ಗಾಡಿಯನ್ನು ಟೆಸ್ಟ್ ಮಾಡುವುದರಲ್ಲಿ ದೊಡ್ಡ ಕಂಪನಿಗಳ ಲೆಕ್ಕವೇ ಬೇರೆ. ಫೋಕ್ಸ್‌ವ್ಯಾಗನ್‌ನವರು ಪೋಲೋ ಆರ್ ಡಬ್ಲ್ಯುಆರ್‌ಸಿ ಕಾರನ್ನು 2013ರ ಜನವರಿಯಲ್ಲಿ ವಿಶ್ವ ರ‍್ಯಾಲಿ ಚಾಂಪಿಯನ್‌ಶಿಪ್‌ನ ಮಾಂಟೆ ಕಾರ್ಲೋ ಸ್ಪರ್ಧೆಯಲ್ಲಿ ಇಳಿಸಿದರು. ಅದಕ್ಕೂ ಮುಂಚೆ 2012 ಪೂರ್ತಿ ಟೆಸ್ಟಿಂಗ್‌ಗೇ ಹೋಯಿತು. ಆ ವರ್ಷ ಅವರ ಡ್ರೈವರ್‌ಗಳು ಸ್ಪರ್ಧೆಗಳಲ್ಲಿ ಓಡಿಸಿದ್ದು ಸ್ಕೋಡಾ ಫಾಬಿಯಾವನ್ನು. ಹೊಸ ಕಾರನ್ನು ಓಡಿಸಿ ನೋಡಿದವರಲ್ಲಿ ಎರಡು ಸಲ ವಿಶ್ವ ಚಾಂಪಿಯನ್ ಆಗಿದ್ದ ಕಾರ್ಲೋಸ್ ಸೈನ್ಸ್ ಕೂಡ ಇದ್ದರು.

ನಮ್ಮ ಹತ್ತಿರ ಇದ್ದದ್ದು ಐದು ಭಾನುವಾರ, ಮೂಡಿಗೆರೆ ಕಡೆ ಸೋದರಮಾವನ ತೋಟದ 3.4 ಕಿ.ಮೀ. ಮಣ್ಣಿನ ರಸ್ತೆ, ಮತ್ತೆ 2008ರ ಒಂದು ಮಾರುತಿ ಜಿಪ್ಸಿ.

ನಾವು ಐದು ಜನ. ಚಿಕ್ಕಪ್ಪನ ಮಗ ಡ್ರೈವರ್. ಪಕ್ಕದಲ್ಲಿ ಕೂತು ತಿರುವುಗಳನ್ನು ಓದಿ ಹೇಳುವ ನ್ಯಾವಿಗೇಟರ್ ಅವನ ಹೆಂಡತಿಯೇ, ಹಾಗಾಗಿ ಗಾಡಿಯೊಳಗೆ ಯಾರ ಮಾತು ನಡೆಯಬೇಕು ಅನ್ನುವ ಗೊಂದಲ ಇಲ್ಲ. ಮೂವತ್ತು ವರ್ಷದಿಂದ ಜೀಪು, ಜಿಪ್ಸಿ ಬಿಚ್ಚುತ್ತಿರುವ ಮೇಸ್ತ್ರಿ, ಅವರ ಜೊತೆ ಒಬ್ಬ ಹುಡುಗ. ಐದನೆಯವನು ನಾನು. ಪೀಣ್ಯದ ಟೂಲ್ ರೂಮೊಂದರಲ್ಲಿ ಕೆಲಸ, ಇಲ್ಲಿ ಸರ್ವಿಸ್ ಮ್ಯಾನೇಜರ್. ಡೈರಿ ಬರೆದದ್ದು ನಾನೇ, ಹಾಗಾಗಿ ತಪ್ಪುಗಳಲ್ಲಿ ಜಾಸ್ತಿ ಪಾಲು ನನ್ನದೇ ಇರುವುದನ್ನು ಮುಚ್ಚಿಡುವ ಹಾಗಿಲ್ಲ.

ಗಾಡಿ ಕಟ್ಟಿದ್ದು, ಡಿಸೆಂಬರ್‌ನಿಂದ ಫೆಬ್ರವರಿ

ಇದನ್ನು ಬೇಗ ಹೇಳಿ ಮುಗಿಸುತ್ತೇನೆ. ಗಾಡಿಗೆ 2,85,000 ರೂ. ಎಂಜಿನ್ ಒಳಗೆ ಕೈ ಹಾಕಲಿಲ್ಲ. 1,298 ಸಿಸಿ, 80 ಹಾರ್ಸ್‌ಪವರ್, ಕಂಪನಿ ಕೊಟ್ಟ ಹಾಗೇ ಇದೆ. ಗಾಡಿ ಮಗುಚಿದರೆ ಒಳಗಿದ್ದವರನ್ನು ಕಾಯುವ ರೋಲ್ ಕೇಜ್‌ಗೆ ಸೀಮ್‌ಲೆಸ್ ಪೈಪು. ಮುಖ್ಯ ಕಮಾನು 45 ಮಿ.ಮೀ. ದಪ್ಪ, ಗೋಡೆ 2.5 ಮಿ.ಮೀ. ಉಳಿದ ಪೈಪುಗಳು 38 ಮಿ.ಮೀ., ಗೋಡೆ ಅಷ್ಟೇ. ನಿಯಮ ಕೇಳುವ ಕನಿಷ್ಠ ಇದು. ಪೈಪು, ಬೆಂಡಿಂಗ್, ವೆಲ್ಡಿಂಗ್ ಎಲ್ಲ ಸೇರಿ 95,000 ರೂ. ನಾಲ್ಕೂ ಕಡೆ ಹೊಸ ಪ್ಲೇಟ್ ಸೆಟ್ (ಸ್ಪ್ರಿಂಗ್ ಪಟ್ಟಿಗಳು), ಹೊಸ ಶಾಕ್ ಅಬ್ಸಾರ್ಬರ್. ಸೀಟು ಹೊಸದು, ಹಾರ್ನೆಸ್ (ರೇಸಿಂಗ್ ಸೀಟ್ ಬೆಲ್ಟ್) ಸೆಕೆಂಡ್ ಹ್ಯಾಂಡ್, ಜೋಡಿಗೆ 14,000 ರೂ. ಈ ಹಾರ್ನೆಸ್ ಕತೆ ಆಮೇಲೆ ಬರುತ್ತದೆ.

ತೂಕ ಇಳಿಸಬೇಕು ಅಂತ ಕಾರ್ಪೆಟ್, ಹಿಂದಿನ ಸೀಟು, ಹೀಟರ್, ಬ್ಲೋವರ್ ಎಲ್ಲ ಕಿತ್ತು ಹಾಕಿದೆ. ಹೀಟರ್ ಕೀಳುವಾಗ ಮೇಸ್ತ್ರಿ ಒಂದು ಸಲ ನನ್ನ ಮುಖ ನೋಡಿದರು. ಏನೂ ಹೇಳಲಿಲ್ಲ.

ಮಾರ್ಚ್ 2, ಮೊದಲ ಭಾನುವಾರ

ಗಾಡಿಯನ್ನು ಲಾರಿಯಲ್ಲಿ ಹೇರಿಸಿ ತಂದೆವು. ಪ್ರತಿ ವಾರ ತರುವುದು, ಒಯ್ಯುವುದು ನಮ್ಮ ಜೇಬಿಗೆ ಆಗುವ ಮಾತಲ್ಲ. ಹಾಗಾಗಿ ಟೆಸ್ಟ್ ಮುಗಿಯುವವರೆಗೆ ಗಾಡಿ ತೋಟದ ಶೆಡ್‌ನಲ್ಲೇ, ನಾವು ಶನಿವಾರ ರಾತ್ರಿ ಬರುವುದು ಅಂತ ಮಾಡಿಕೊಂಡೆವು.

ಬರುವ ದಾರಿಯಲ್ಲಿ ವೇಬ್ರಿಡ್ಜ್‌ನಲ್ಲಿ ತೂಗಿಸಿದೆವು. ಇಬ್ಬರನ್ನು ಕೂರಿಸಿ, ಹೆಲ್ಮೆಟ್ ಹಾಕಿಸಿ, ಎರಡು ಸ್ಟೆಪ್ನಿ ಸೇರಿಸಿ 1,260 ಕೆ.ಜಿ. ಮುಂದಿನ ಚಕ್ರ ಮಾತ್ರ ಹತ್ತಿಸಿದಾಗ 590. ಅಂದರೆ ಹಿಂದೆ 670. ಹಿಂದೆ ಜಾಸ್ತಿ ಅನ್ನಿಸಿತು. ಬರೆದುಕೊಂಡೆ, ಆದರೆ ಅದರ ಅರ್ಥ ಏನು ಅಂತ ಮೂರು ವಾರ ಯೋಚಿಸಲಿಲ್ಲ.

ಮಾವ ಭಾನುವಾರ ಮಾತ್ರ ಅಂತ ಹೇಳಿದ್ದರು. ರೊಬಸ್ಟಾ ಕೊಯ್ಲು ಆಗಷ್ಟೇ ಮುಗಿದಿತ್ತು. ಬೇರೆ ದಿನ ತೋಟದ ರಸ್ತೆಯಲ್ಲಿ ಆಳುಗಳು ಓಡಾಡುತ್ತಾರೆ. ಎರಡು ಗೇಟಿಗೂ ಸರಪಳಿ, ನಾಲ್ಕು ಕೂಡುರಸ್ತೆಗಳಲ್ಲಿ ಸೀಟಿ, ವಾಕಿಟಾಕಿ ಹಿಡಿದ ಒಬ್ಬೊಬ್ಬರು. ಆಳುಗಳ ಲೈನ್ ಮನೆಗಳಿಗೆ ಹಿಂದಿನ ದಿನವೇ ತೋಟದ ರೈಟರ್ ಹೋಗಿ ಹೇಳಿ ಬಂದಿದ್ದರು. ಬೆಂಕಿ ಆರಿಸುವ ಸಿಲಿಂಡರ್ ಎರಡು, ಎಂಜಿನ್ ಚಾಲೂ ಇಟ್ಟುಕೊಂಡ ಮಾವನ ಜೀಪು ಒಂದು. "ಟೆಸ್ಟ್ ತಾನೇ, ಇಷ್ಟೆಲ್ಲ ಬೇಕಾ ಅಣ್ಣ" ಅಂದ ತಮ್ಮ. 2021ರ ಡಿಸೆಂಬರ್‌ನಲ್ಲಿ ಫ್ರಾನ್ಸ್‌ನಲ್ಲಿ ಟೆಸ್ಟ್ ಮಾಡುವಾಗಲೇ ರ‍್ಯಾಲಿ ಡ್ರೈವರ್ ಥಿಯೆರಿ ನ್ಯೂವಿಲ್ ಓಡಿಸುತ್ತಿದ್ದ ಹ್ಯುಂಡೈ ರಸ್ತೆ ಬಿಟ್ಟು ಕೆಳಗಿನ ಕಣಿವೆಗೆ ಉರುಳಿತ್ತು. ಒಳಗಿದ್ದ ಇಬ್ಬರೂ ಬದುಕಿ ಬಂದರು. ಅದನ್ನು ನೆನಪಿಸಿದೆ. ಸುಮ್ಮನಾದ.

ರಸ್ತೆ ಕಾಫಿ ಹಣ್ಣಿನ ಸಿಪ್ಪೆ ಸುಲಿಯುವ ಪಲ್ಪರ್ ಮನೆಯಿಂದ ಶುರು. ಸಿಲ್ವರ್ ಓಕ್ ಸಾಲಿನ ಮಧ್ಯೆ ಇಳಿದು, ಎರಡು ಮೋರಿ ದಾಟಿ, ಒಂದು ಹಳ್ಳ ಹಾದು ಮೇಲಿನ ಗೇಟಿಗೆ ಮುಗಿಯುತ್ತದೆ. ಮೊದಲು ಗಾಡಿಯನ್ನು ಕಣದಲ್ಲಿ ನಿಧಾನಕ್ಕೆ ಸುತ್ತಿಸಿ, ಎಲ್ಲ ನಟ್ಟು ಇನ್ನೊಮ್ಮೆ ಬಿಗಿದೆವು. ಆಮೇಲೆ ಟೈಮ್ ಹಿಡಿದು ಓಡಿಸಿದ್ದು: 4 ನಿಮಿಷ 6 ಸೆಕೆಂಡ್, 4:01, 4:00. ಟಯರ್ ಗಾಳಿ 26 ಪಿಎಸ್‌ಐ.

ನಾಲ್ಕನೇ ಸಲ ಎರಡನೇ ಮೋರಿ ಹಾರಿ ಇಳಿದದ್ದೇ ತಡ, ಸ್ಟೇರಿಂಗ್ ಹುಚ್ಚು ಹಿಡಿದ ಹಾಗೆ ಎಡಕ್ಕೂ ಬಲಕ್ಕೂ ಹೊಡೆದುಕೊಳ್ಳತೊಡಗಿತು. ವೇಗ ಸುಮಾರು 55. ಪೂರ್ತಿ ನಿಲ್ಲಿಸುವವರೆಗೂ ಬಿಡಲಿಲ್ಲ. ತಮ್ಮ ಇಳಿದಾಗ ಅವನ ಎರಡೂ ಹೆಬ್ಬೆರಳು ಕೆಂಪಾಗಿದ್ದವು. ಜಿಪ್ಸಿ ಇಟ್ಟುಕೊಂಡವರಿಗೆ ಈ ವಾಬ್ಲಿಂಗ್ ಹೊಸದಲ್ಲ. ನಮಗೆ ಮಾತ್ರ ಹೊಸದು.

ಈಗ ನನ್ನ ಮೊದಲ ತಪ್ಪು. ಮುಂದಿನ ಟಯರ್ ಹಿಂದಕ್ಕೆ, ಹಿಂದಿನದು ಮುಂದಕ್ಕೆ ಹಾಕಿಸಿದೆ. ಅದೇ ಉಸಿರಿನಲ್ಲಿ ಗಾಳಿ 30ಕ್ಕೆ ಏರಿಸಿದೆ. ಎರಡು ಸಲ ಓಡಿಸಿದೆವು, ವಾಬ್ಲಿಂಗ್ ಇಲ್ಲ. ಎಲ್ಲರಿಗೂ ಖುಷಿ. "ಯಾವುದರಿಂದ ಹೋಯ್ತು ಭಾವ? ಟಯರಿಂದಾನಾ, ಗಾಳಿಯಿಂದಾನಾ?" ಅಂತ ನ್ಯಾವಿಗೇಟರ್ ಕೇಳಿದಳು. ನನ್ನ ಹತ್ತಿರ ಉತ್ತರ ಇರಲಿಲ್ಲ. ಮೂರನೇ ಸಲ ವಾಬ್ಲಿಂಗ್ ವಾಪಸ್ ಬಂತು, ಮೊದಲಿಗಿಂತ ಜೋರಾಗಿ.

ಅವಳು ನನ್ನ ಡೈರಿ ಕಿತ್ತುಕೊಂಡು ಮೊದಲ ಪುಟದ ಮೇಲೆ ದಪ್ಪಕ್ಷರದಲ್ಲಿ ಬರೆದಳು: "ಒಂದು ಸಲಕ್ಕೆ ಒಂದೇ."

ಮಾರ್ಚ್ 9, ಎರಡನೇ ಭಾನುವಾರ

ವಾರದ ಮಧ್ಯೆ ಬೆಂಗಳೂರಿನ ಜೆ.ಸಿ. ರಸ್ತೆಗೆ ಹೋಗಿ, ಸ್ಟೇರಿಂಗ್ ಹೊಡೆದುಕೊಳ್ಳುವುದನ್ನು ತಡೆಯುವ ಡ್ಯಾಂಪರ್ ತಂದೆ, 1,900 ರೂ. ಶನಿವಾರ ನಾಲ್ಕೂ ಚಕ್ರವನ್ನು ಮೂಡಿಗೆರೆಗೆ ಒಯ್ದು ಬ್ಯಾಲೆನ್ಸ್ ಮಾಡಿಸಿದೆ, 800 ರೂ. ಗಾಳಿ ಮತ್ತೆ 26. ಮೊದಲು ಚಕ್ರ ಮಾತ್ರ ಹಾಕಿ ಓಡಿಸಿದೆವು. ಎರಡನೇ ಮೋರಿ ಬಂತು, ವಾಬ್ಲಿಂಗ್ ಬಂತು. ಆಮೇಲೆ ಡ್ಯಾಂಪರ್ ಹಾಕಿದೆವು. ಎರಡು ಸಲ ಏನೂ ಇಲ್ಲ. ಮೂರನೇ ಸಲ ಮತ್ತೆ ಬಂತು, ಸ್ವಲ್ಪ ಮೆತ್ತಗೆ. ಡ್ಯಾಂಪರ್ ಕಾಯಿಲೆ ವಾಸಿ ಮಾಡಿರಲಿಲ್ಲ, ಬಾಯಿ ಮುಚ್ಚಿಸಿತ್ತು ಅಷ್ಟೇ.

ಇಷ್ಟು ಹೊತ್ತು ಬೀಡಿ ಸೇದುತ್ತಾ ದೂರ ಕೂತಿದ್ದ ಮೇಸ್ತ್ರಿ ಎದ್ದು ಬಂದರು. "ಸಾರ್, ನೀವು ದುಡ್ಡು ಖರ್ಚು ಮಾಡಿ ಮುಗೀತಾ? ಈಗ ಜಾಕ್ ಹಾಕ್ಲಾ?"

ಮುಂದಿನ ಎಡಗಡೆ ಚಕ್ರ ಎತ್ತಿದರು. ಚಕ್ರದ ಮೇಲೊಂದು ಕೈ, ಕೆಳಗೊಂದು ಕೈ ಇಟ್ಟು ಒಳಕ್ಕೂ ಹೊರಕ್ಕೂ ಆಡಿಸಿದರು. ಟಕ್ ಟಕ್. ಪ್ಲೇ ಇದೆ, ಅಂದರೆ ಸಡಿಲ. ನಾನು "ವೀಲ್ ಬೇರಿಂಗ್" ಅಂದೆ. ಅವರು ಹುಡುಗನಿಗೆ ಬ್ರೇಕ್ ಒತ್ತಿ ಹಿಡಿಯಲು ಹೇಳಿ ಮತ್ತೆ ಆಡಿಸಿದರು. ಟಕ್ ಟಕ್ ಹಾಗೇ ಇತ್ತು. ಬ್ರೇಕ್ ಒತ್ತಿದರೆ ಹಬ್ (ಚಕ್ರ ಕೂರುವ ಭಾಗ) ಮತ್ತು ನಕಲ್ (ಅದನ್ನು ಹಿಡಿದು ಎಡಕ್ಕೂ ಬಲಕ್ಕೂ ತಿರುಗುವ ಭಾಗ) ಒಂದೇ ತುಂಡಿನ ಹಾಗೆ ಆಗುತ್ತವೆ. ಆಗಲೂ ಪ್ಲೇ ಉಳಿದರೆ ಅದು ವೀಲ್ ಬೇರಿಂಗ್‌ನದಲ್ಲ, ನಕಲ್ ತಿರುಗುವ ಗೂಟದ್ದು, ಅಂದರೆ ಕಿಂಗ್‌ಪಿನ್‌ನದು. ಒಂದು ನಿಮಿಷದ ಕೆಲಸ. ನಾನು ಒಂದು ವಾರ, 2,700 ರೂಪಾಯಿ ಖರ್ಚು ಮಾಡಿದ್ದೆ.

ಬಿಚ್ಚಿದೆವು. ಚಕ್ರ, ಹಬ್, ಟೈ ರಾಡ್, ನಕಲ್‌ನ ಆಯಿಲ್ ಸೀಲ್ ಎಲ್ಲ ಹೊರಗೆ. ನಕಲ್ ಎಷ್ಟು ಬಿಗಿಯಾಗಿ ತಿರುಗುತ್ತದೆ ಅಂತ ನೋಡಲು ತೋಳಿನ ತುದಿಗೆ ಸ್ಪ್ರಿಂಗ್ ತಕ್ಕಡಿ ಸಿಕ್ಕಿಸಿ ಎಳೆಯಬೇಕು. ತೋಟದಲ್ಲಿ ಇದ್ದದ್ದು ಮೂಟೆ ತೂಗುವ ನೂರು ಕೆ.ಜಿ. ತಕ್ಕಡಿ. ಅದರಲ್ಲಿ ಮುಳ್ಳು ಅಲ್ಲಾಡಲೂ ಇಲ್ಲ. ಕೊನೆಗೆ ಬೈಕಿನಲ್ಲಿ ಮೀನು ಮಾರಲು ಬಂದವನ ಹತ್ತಿರ ಐದು ಕೆ.ಜಿ.ಯ ಸಣ್ಣ ತಕ್ಕಡಿ ಎರವಲು ಪಡೆದೆವು. ಅರ್ಧ ಗಂಟೆಗೆ ಅಂತ ಹೇಳಿ ಎರಡು ಗಂಟೆ ಇಟ್ಟುಕೊಂಡೆವು. ಅದಕ್ಕೆ ಅವನ ಹತ್ತಿರ ಉಳಿದಿದ್ದ ಬಂಗುಡೆ ಅಷ್ಟನ್ನೂ ಅತ್ತೆ ಕೊಂಡುಕೊಳ್ಳಬೇಕಾಯಿತು.

ಎಡಗಡೆ 400 ಗ್ರಾಂ ಎಳೆದರೆ ಸಾಕು, ನಕಲ್ ತಿರುಗುತ್ತಿತ್ತು. ಬಲಗಡೆ 900. ಎಡಗಡೆಯ ಬೇರಿಂಗ್ ಬಟ್ಟಲಿನಲ್ಲಿ ರೋಲರ್‌ಗಳು ಕೂತ ಜಾಗದಲ್ಲೆಲ್ಲ ಸಾಲಾಗಿ ಗುಳಿ ಬಿದ್ದಿತ್ತು. ಉಗುರು ಎಳೆದರೆ ಟರ್ರ್ ಅನ್ನುತ್ತಿತ್ತು. ಹೊಸ ಪ್ಲೇಟು, ಹೊಸ ಶಾಕ್, ಹೊಸ ಟಯರ್ ಹಾಕಿದ ನಾನು ಇದನ್ನು ಬಿಚ್ಚಿಯೇ ನೋಡಿರಲಿಲ್ಲ. ಹೊರಗಿನಿಂದ ಗ್ರೀಸ್ ಚೆನ್ನಾಗಿ ಕಾಣುತ್ತಿತ್ತು, ಅಷ್ಟಕ್ಕೇ ಸಮಾಧಾನ ಪಟ್ಟುಕೊಂಡಿದ್ದೆ.

ಮುಂದಿನ ಶನಿವಾರ, ಮಾರ್ಚ್ 15: ನಾಲ್ಕು ಕಿಂಗ್‌ಪಿನ್ ಬೇರಿಂಗ್, ಎರಡು ಸೀಲ್ ಕಿಟ್, ಒಟ್ಟು 4,600 ರೂ. ಹಳೆಯ ಬಟ್ಟಲು ಹೊಡೆದು ತೆಗೆಯಲು ಹಿತ್ತಾಳೆ ಕೋಲು ಬಳಸಿ. ಉಕ್ಕಿನದು ಬಳಸಿದರೆ ಕೂರುವ ಜಾಗ ಗೀರಿ ಹೋಗುತ್ತದೆ. ಮೊದಲು ಇದ್ದ ಶಿಮ್ (ತೆಳು ತಗಡಿನ ಬಿಲ್ಲೆ) ಅಷ್ಟನ್ನೂ ವಾಪಸ್ ಹಾಕಿ ತೂಗಿದಾಗ ಎಡಗಡೆ 700 ಗ್ರಾಂ. 0.1 ಮಿ.ಮೀ. ಶಿಮ್ ಒಂದು ತೆಗೆದೆವು, 1.1 ಕೆ.ಜಿ. ಇನ್ನೊಂದು ತೆಗೆದೆವು, 1.5. ಅಲ್ಲಿಗೆ ನಿಲ್ಲಿಸಿದೆವು. ಬಲಗಡೆ ಒಂದೇ ಶಿಮ್ ತೆಗೆದು 1.4ಕ್ಕೆ ಬಂತು. ಈ ಸಲ ತಕ್ಕಡಿ ನಮ್ಮದೇ. ಅದರ 250 ರೂಪಾಯಿ ಲೆಕ್ಕಕ್ಕೆ ಹಿಡಿದಿಲ್ಲ. ಅತ್ತೆ ಅದನ್ನು ಈಗ ಅಡುಗೆ ಮನೆಯಲ್ಲಿ ಇಟ್ಟುಕೊಂಡಿದ್ದಾರೆ.

ಮಾರ್ಚ್ 16, ಮೂರನೇ ಭಾನುವಾರ

ಬೆಳಿಗ್ಗೆ ಡ್ಯಾಂಪರ್ ಬಿಚ್ಚಿ ಇಟ್ಟೇ ಓಡಿಸಿದೆವು. ಡ್ಯಾಂಪರ್ ಇದ್ದರೆ ವಾಸಿಯಾದದ್ದು ಬೇರಿಂಗ್‌ನಿಂದಲೋ ಅದರಿಂದಲೋ ಗೊತ್ತಾಗುವುದಿಲ್ಲವಲ್ಲ. ಎರಡನೇ ಮೋರಿಯನ್ನು ತಮ್ಮ ಬೇಕಂತಲೇ 70ರಲ್ಲಿ ಹಾರಿಸಿದ. ಸ್ಟೇರಿಂಗ್ ಅಲ್ಲಾಡಲಿಲ್ಲ. ನಾಲ್ಕು ಸಲ: 3:58, 3:57, 3:56, 3:56. ಆಮೇಲೆ ಡ್ಯಾಂಪರ್ ವಾಪಸ್ ಹಾಕಿದೆವು, ದುಡ್ಡು ಕೊಟ್ಟಾಗಿದೆ ಅಂತ.

ಐದನೇ ಸಲ ಇನ್ನೊಂದು ಶುರು. ಹಳ್ಳದಿಂದ ಮೇಲೆ ಹತ್ತುವಾಗ ಕೆಳಗಿನಿಂದ ದಡ್ ಅಂತ ಹೊಡೆತ. ಗೇರ್ ಲಿವರ್ ಕುಣಿಯುತ್ತಿತ್ತು. ಕೆಳಗೆ ಮಲಗಿ ನೋಡಿದರೆ ಎಂಜಿನ್ ಶಕ್ತಿಯನ್ನು ಮುಂದಿನ, ಹಿಂದಿನ ಚಕ್ರಗಳಿಗೆ ಹಂಚುವ ಟ್ರಾನ್ಸ್‌ಫರ್ ಕೇಸ್‌ನ ಮೂರು ರಬ್ಬರ್ ಮೌಂಟ್‌ಗಳಲ್ಲಿ ಒಂದು ಎರಡು ಹೋಳು. ಜಿಪ್ಸಿಯಲ್ಲಿ ಟ್ರಾನ್ಸ್‌ಫರ್ ಕೇಸ್ ಗೇರ್ ಬಾಕ್ಸ್‌ಗೆ ಅಂಟಿಕೊಂಡಿಲ್ಲ. ಮಧ್ಯೆ ಒಂದು ಸಣ್ಣ ಶಾಫ್ಟ್ ಇಟ್ಟುಕೊಂಡು ಛಾಸಿಗೆ ಈ ಮೂರು ರಬ್ಬರ್‌ಗಳಲ್ಲೇ ನೇತಾಡುತ್ತದೆ. ಒಂದು ಹೋದರೆ ಇಡೀ ಡಬ್ಬಿ ತಿರುಚಿಕೊಳ್ಳುತ್ತದೆ.

ನಾನು ಇದಕ್ಕೆ ಕಾಯುತ್ತಿದ್ದೆ ಅಂತಲೇ ಹೇಳಬೇಕು. ರಬ್ಬರ್ ಹೋಗುತ್ತದೆ ಅಂತ ಎಲ್ಲರೂ ಹೇಳಿದ್ದರು. ಹಾಗಾಗಿ ಪಾಲಿಯುರೆಥೇನ್ ಕೋಲು ತಂದು, ನಮ್ಮ ಟೂಲ್ ರೂಮಿನ ಲೇತ್‌ನಲ್ಲಿ ಮೂರು ಮೌಂಟ್ ಟರ್ನ್ ಮಾಡಿ ಪೆಟ್ಟಿಗೆಯಲ್ಲಿ ಇಟ್ಟುಕೊಂಡಿದ್ದೆ. ಖರ್ಚು 3,200 ರೂ. ನೋಡಲು ಎಷ್ಟು ಚೆಂದ ಇದ್ದವು ಅಂದರೆ ಫೋಟೋ ತೆಗೆದು ಆಫೀಸಿನಲ್ಲೆಲ್ಲ ತೋರಿಸಿದ್ದೆ. ಹಾಕಿದೆವು. "ಅಣ್ಣ, ಥ್ರಾಟಲ್ ಒತ್ತಿದ ತಕ್ಷಣ ಎಳೆಯುತ್ತೆ" ಅಂದ ತಮ್ಮ. ಎರಡು ಸಲ ಚೆನ್ನಾಗಿ ಓಡಿತು. ಮೂರನೇ ಸಲ ನಡುಕ ಜಾಸ್ತಿ ಆಯಿತು. ನೋಡಿದರೆ ಮೌಂಟ್ ಹೊಸದರ ಹಾಗೇ ಇದೆ, ಅದು ಕೂತಿದ್ದ ಛಾಸಿಯ ಬ್ರಾಕೆಟ್‌ನಲ್ಲಿ 30 ಮಿ.ಮೀ. ಬಿರುಕು.

ರಬ್ಬರ್ ಹರಿಯುತ್ತಿದ್ದದ್ದು ಅದರ ಕೆಲಸವಾಗಿತ್ತು. ಹೊಡೆತ ತಿನ್ನುವವನನ್ನು ನಾನು ತೆಗೆದುಹಾಕಿದ್ದೆ, ಹೊಡೆತ ನೇರ ಕಬ್ಬಿಣಕ್ಕೆ ಹೋಯಿತು. 900 ರೂಪಾಯಿಯ ರಬ್ಬರ್ ಉಳಿಸಲು ಹೋಗಿ ಛಾಸಿ ಸೀಳಿಸಿಕೊಂಡೆ. ಮೇಸ್ತ್ರಿ ಆವತ್ತು ಕೂಡ ಏನೂ ಹೇಳಲಿಲ್ಲ, ಆ ಮೌಂಟ್ ಒಂದನ್ನು ಒರೆಸಿ ನನ್ನ ಕೈಗೆ ಕೊಟ್ಟರು. ಈಗ ಅದು ನನ್ನ ಮೇಜಿನ ಮೇಲೆ ಪೇಪರ್ ವೇಯ್ಟ್.

ಬಿರುಕಿನ ಎರಡೂ ತುದಿಗೆ 4 ಮಿ.ಮೀ. ತೂತು ಕೊರೆದು, ವಿ ಆಕಾರಕ್ಕೆ ಗ್ರೈಂಡ್ ಮಾಡಿ, ಬೆಸೆದು, ಮೇಲೊಂದು 3 ಮಿ.ಮೀ. ತಗಡಿನ ತೇಪೆ. 600 ರೂ. ಮುಂದಿನ ಶನಿವಾರ ಮೂರೂ ಹೊಸ ರಬ್ಬರ್, 2,700 ರೂ. ಜೊತೆಗೆ ಮೇಸ್ತ್ರಿ ಐಡಿಯಾ: ಪ್ರತಿ ಮೌಂಟ್ ಪಕ್ಕ 6 ಮಿ.ಮೀ. ಉಕ್ಕಿನ ಹಗ್ಗದ ಒಂದು ಸುತ್ತು, 8 ಮಿ.ಮೀ. ಸಡಿಲ ಬಿಟ್ಟು. ರಬ್ಬರ್ ಹರಿದರೂ ಡಬ್ಬಿ ಅದಕ್ಕಿಂತ ದೂರ ಹೋಗುವುದಿಲ್ಲ, ರಿಪೇರಿ ಮಾಡುವ ಸರ್ವಿಸ್ ಜಾಗದವರೆಗೆ ಗಾಡಿ ಬಂದು ಸೇರುತ್ತದೆ. ಹಗ್ಗ ತೋಟದ ಗುಜರಿಯಲ್ಲೇ ಸಿಕ್ಕಿತು.

ಮಾರ್ಚ್ 22, ಶನಿವಾರ: ಧೂಳು

ಇದನ್ನು ಬರೆಯದೆ ಬಿಡೋಣ ಅಂದುಕೊಂಡಿದ್ದೆ. ಬರೆಯುತ್ತೇನೆ.

ಏರ್ ಫಿಲ್ಟರ್ ಬದಲಾಯಿಸಲು ಡಬ್ಬಿ ತೆಗೆದೆ. ಫಿಲ್ಟರ್ ಕೆಂಪಗಿತ್ತು. ಅದು ಸರಿ, ಧೂಳು ಹಿಡಿಯುವುದೇ ಅದರ ಕೆಲಸ. ಅಭ್ಯಾಸ ಬಲಕ್ಕೆ ಫಿಲ್ಟರ್ ಆದಮೇಲಿನ ಪೈಪಿನೊಳಗೆ ಬೆರಳು ಹಾಕಿ ಒರೆಸಿದೆ. ಬೆರಳೂ ಕೆಂಪು. ಹೊಟ್ಟೆ ತಣ್ಣಗಾಯಿತು. ಆ ಧೂಳು ಹೋಗುವುದು ಸೀದಾ ಸಿಲಿಂಡರ್‌ಗೆ.

ಫಿಲ್ಟರ್ ಹರಿದಿದೆಯಾ ಅಂತ ಬಲ್ಬ್ ಹಿಡಿದು ನೋಡಿದೆ, ಇಲ್ಲ. ಡಬ್ಬಿಯ ರಬ್ಬರ್ ಅಂಚು ಚೆನ್ನಾಗಿದೆ. ಕೊನೆಗೆ ಪೈಪ್ ಥ್ರಾಟಲ್ ಬಾಡಿಗೆ ಸೇರುವ ಕಡೆ ಕೈ ಇಟ್ಟೆ. ಕ್ಲಾಂಪ್ ಗರಗರ ತಿರುಗಿತು. ಫೆಬ್ರವರಿ ಕೊನೆಯಲ್ಲಿ ಆ ಕ್ಲಾಂಪ್ ಹಾಕಿದ್ದು ನಾನೇ. ಊಟಕ್ಕೆ ಕರೆದರು ಅಂತ ಎದ್ದು ಹೋಗಿದ್ದು ಕೂಡ ನೆನಪಿದೆ. ಬಿಗಿಯದೇ ಹೋಗಿದ್ದು ಮಾತ್ರ ನೆನಪಿರಲಿಲ್ಲ. ಮೂರು ಭಾನುವಾರ, ಅದರಲ್ಲೂ ಮಾವನ ಜೀಪಿನ ಹಿಂದೆ ತಿರುವುಗಳ ನೋಟ್ಸ್ ಬರೆದುಕೊಳ್ಳುತ್ತಾ ಓಡಿಸಿದ ಹನ್ನೆರಡು ಸುತ್ತು, ಎಲ್ಲ ಧೂಳು ಕುಡಿದೇ ಓಡಿದೆ.

ನಾಲ್ಕೂ ಪ್ಲಗ್ ಬಿಚ್ಚಿ, ಬಿಸಿ ಎಂಜಿನ್‌ನಲ್ಲಿ, ಥ್ರಾಟಲ್ ಪೂರ್ತಿ ತೆರೆದು ಕಂಪ್ರೆಷನ್ (ಸಿಲಿಂಡರ್‌ನೊಳಗಿನ ಒತ್ತಡ) ನೋಡಿದೆವು. 172, 170, 173, 168. ಫೆಬ್ರವರಿಯಲ್ಲಿ ಬೆಂಗಳೂರಿನಲ್ಲಿ ಅದೇ ಗೇಜ್‌ನಲ್ಲಿ 174, 173, 174, 173 ಇತ್ತು. ಇಳಿದಿದೆ, ಆದರೆ ಎಂಜಿನ್ ಬಿಚ್ಚುವಷ್ಟು ಇಲ್ಲ. ನಾಲ್ಕನೇ ಸಿಲಿಂಡರ್ ಮೇಲೆ ಈಗಲೂ ನನಗೆ ಅನುಮಾನ. ಆಯಿಲ್, ಆಯಿಲ್ ಫಿಲ್ಟರ್, ಏರ್ ಫಿಲ್ಟರ್, ಹೊಸ ಪೈಪು, ಒಳ್ಳೆಯ ಕ್ಲಾಂಪ್ ಎರಡು, ಒಟ್ಟು 3,450 ರೂ. ಈಗ ಬಿಗಿದ ಪ್ರತಿ ಕ್ಲಾಂಪ್, ಪ್ರತಿ ನಟ್ಟಿನ ಮೇಲೆ ಹಳದಿ ಪೇಂಟ್ ಗೆರೆ. ಗೆರೆ ಇಲ್ಲ ಅಂದರೆ ಬಿಗಿದಿಲ್ಲ. ಗೆರೆ ಎಳೆಯುವ ಕೆಲಸ ಹುಡುಗನದು, ನನ್ನದಲ್ಲ.

ಮಾರ್ಚ್ 23, ನಾಲ್ಕನೇ ಭಾನುವಾರ: ಪ್ಲೇಟ್ ಮತ್ತು ಮಳೆ

ಹಿಂದಿನ ಸಸ್ಪೆನ್ಶನ್ ಹಳ್ಳದಲ್ಲಿ ನೆಲ ಕಚ್ಚುತ್ತಿತ್ತು. ತಮ್ಮನಿಗೆ ಹಿಂದೆ ಒಂದೊಂದು ಎಕ್ಸ್‌ಟ್ರಾ ಪ್ಲೇಟ್ ಬೇಕು ಅಂತ ಹಟ. ನನಗೂ ಹಾಗೇ ಅನ್ನಿಸಿತ್ತು. ಎರಡು ಪ್ಲೇಟ್, 2,400 ರೂ.

ಡೈರಿಯ ಮೊದಲ ಪುಟದ ಮಾತು ಈ ಸಲ ಪಾಲಿಸಿದೆವು. ಬೆಳಿಗ್ಗೆ ಏಳೂವರೆಗೆ ಪ್ಲೇಟ್ ಇಲ್ಲದೆ ಎರಡು ಸಲ: 3:55, 3:55. ಆಮೇಲೆ ಎರಡೂ ಕಡೆ ಪ್ಲೇಟ್ ಸೇರಿಸಲು ಎರಡು ಗಂಟೆ. ಓಡಿಸಿ ಬಂದ ತಮ್ಮನ ಮುಖ ಅರಳಿತ್ತು. "ಸೂಪರ್ ಅಣ್ಣ! ಹಿಂದೆ ಗಟ್ಟಿಯಾಗಿ ನಿಂತಿದೆ. ಕನಿಷ್ಠ ಮೂರು ಸೆಕೆಂಡ್ ಬೇಗ ಬಂದಿರ್ತೀನಿ." ನ್ಯಾವಿಗೇಟರ್ ಸ್ಟಾಪ್‌ವಾಚ್ ಅವನ ಮೂಗಿನ ಮುಂದೆ ಹಿಡಿದಳು. 3:59. ನಂಬಲಿಲ್ಲ. ಮತ್ತೆ ಹೋದ. 4:00.

ಯಾಕೆ ಅಂತ ತಿರುವಿನ ಹತ್ತಿರ ನಿಂತಿದ್ದ ಮೇಸ್ತ್ರಿ ಹೇಳಿದರು. ಹಿಂದಿನ ಚಕ್ರ ಸಣ್ಣ ಕಲ್ಲಿಗೂ ನೆಲ ಬಿಟ್ಟು ಜಿಗಿಯುತ್ತಿತ್ತು, ಗಾಳಿಯಲ್ಲಿ ಸುಮ್ಮನೆ ತಿರುಗುತ್ತಿತ್ತು. ಒಳಗೆ ಕೂತವನಿಗೆ ಅದೇ ಗಟ್ಟಿಯಾಗಿದೆ ಅನ್ನಿಸುತ್ತದೆ. ಎಂಜಿನ್ ಶಬ್ದ ಏರುತ್ತದೆ, ಮೈ ಕುಲುಕುತ್ತದೆ, ವೇಗ ಅಂತ ಭ್ರಮೆ.

ಪ್ಲೇಟ್ ತೆಗೆದೆವು, ಮತ್ತೆ ಎರಡು ಗಂಟೆ. 3:55. ಅಷ್ಟೂ ಬೆವರು ಹೋಗಿ ಬೆಳಿಗ್ಗೆ ಇದ್ದಲ್ಲಿಗೇ ಬಂದು ನಿಂತೆವು.

ಆಗ ನೆನಪಾಗಿದ್ದು ವೇಬ್ರಿಡ್ಜ್‌ನ 670. ಎರಡು ಸ್ಟೆಪ್ನಿ, ಜಾಕ್, ಟೂಲ್ ಪೆಟ್ಟಿಗೆ ಎಲ್ಲವನ್ನೂ ಹಿಂದಿನ ಆಕ್ಸಲ್‌ಗಿಂತ ಹಿಂದೆ, ಬಾಗಿಲಿಗೆ ಒರಗಿಸಿ ಕಟ್ಟಿದ್ದೆ. ತೆಗೆಯಲು ಸುಲಭ ಅಂತ. ಎಲ್ಲವನ್ನೂ ಸೀಟಿನ ಬೆನ್ನಿಗೆ, ಕೇಜ್‌ಗೆ ಬಿಗಿದು ಕಟ್ಟಿದೆವು. ಖರ್ಚು ಸೊನ್ನೆ. ಹಳ್ಳದಲ್ಲಿ ನೆಲ ಕಚ್ಚುವುದು ನಿಂತಿತು. 3:53.

ಮೂರು ಗಂಟೆಗೆ ಮೋಡ ಕಟ್ಟಿತು. ತೋಟದವರೆಲ್ಲ ಕಾಯುತ್ತಿದ್ದ, ಕಾಫಿ ಹೂ ಅರಳಿಸುವ ಹೂಮಳೆ. ಮಾವನಿಗೆ ಎಷ್ಟು ಖುಷಿ ಅಂದರೆ ಅಂಗಳದಲ್ಲಿ ನೆನೆಯುತ್ತಾ ನಿಂತುಬಿಟ್ಟರು. ನಮಗೂ ಖುಷಿಯೇ, ಒದ್ದೆ ರಸ್ತೆಯಲ್ಲಿ ಟೆಸ್ಟ್ ಮಾಡುವ ಅವಕಾಶ ಪುಕ್ಕಟೆ ಸಿಕ್ಕಿತಲ್ಲ. ಖುಷಿ ಒಂದು ಕಿಲೋಮೀಟರ್ ಇತ್ತು.

ಇಬ್ಬರ ಉಸಿರಿಗೆ ಮುಂದಿನ ಗಾಜು ಪೂರ್ತಿ ಮಂಜು. ಊದಿ ಒಣಗಿಸುವ ಬ್ಲೋವರ್ ಎಲ್ಲಿದೆ? ಬೆಂಗಳೂರಿನಲ್ಲಿ, ನನ್ನ ಮನೆಯ ಅಟ್ಟದ ಮೇಲೆ. ನ್ಯಾವಿಗೇಟರ್ ಒಂದು ಕೈಯಲ್ಲಿ ನೋಟ್ಸ್, ಇನ್ನೊಂದರಲ್ಲಿ ಬಟ್ಟೆ ಹಿಡಿದು ಒರೆಸುತ್ತಾ, ತಿರುವು ಓದುತ್ತಾ ಬಂದಳು. 4:31. ಇಳಿದವಳು "ಭಾವ, ಎಷ್ಟು ತೂಕ ಉಳಿಸಿದ್ರಿ?" ಅಂತ ಮಾತ್ರ ಕೇಳಿದಳು. ಆರು ಕೆ.ಜಿ. ಹೀಟರ್ ಕೀಳುವಾಗ ಮೇಸ್ತ್ರಿ ಯಾಕೆ ಹಾಗೆ ನೋಡಿದ್ದರು ಅಂತ ಗೊತ್ತಾಯಿತು. "ಆಗ್ಲೇ ಹೇಳಬಾರದಿತ್ತಾ?" ಅಂದೆ. "ನೀವು ಕೇಳ್ಲಿಲ್ವಲ್ಲ ಸಾರ್."

ಗಾಳಿ 26ರಿಂದ 22ಕ್ಕೆ ಇಳಿಸಿ, ಗಾಜಿಗೆ ಒಳಗಿನಿಂದ ಶಾಂಪೂ ಸವರಿ ಇನ್ನೊಂದು ಸಲ: 4:24. ಎರಡು ಬದಲಾವಣೆ ಒಟ್ಟಿಗೆ, ಹೌದು. ಮಳೆ ನಿಲ್ಲುವ ಹಾಗಿತ್ತು, ಆಸೆ ತಡೆಯಲಿಲ್ಲ. ಹಾಗಾಗಿ ಆ ಏಳು ಸೆಕೆಂಡ್ ಯಾರದು ಅಂತ ಇವತ್ತಿಗೂ ಗೊತ್ತಿಲ್ಲ.

ಅದರ ಮುಂದಿನ ಸಲ ಹಳ್ಳದ ನೀರಿನಲ್ಲೇ ಎಂಜಿನ್ ಕೆಮ್ಮಿ ನಿಂತಿತು. ಪ್ಲಗ್‌ಗಳಿಗೆ ಕರೆಂಟ್ ಹಂಚುವ ಡಿಸ್ಟ್ರಿಬ್ಯೂಟರ್‌ನ ಮುಚ್ಚಳದೊಳಗೆ ನೀರು. ಒಣಗಿಸಿ ಹಾಕಿದರೂ ಮಿಸ್ ಹೊಡೆಯಿತು. ನೋಡಿದರೆ ಮುಚ್ಚಳದಲ್ಲಿ ಕೂದಲೆಳೆಯಂಥ ಸೀಳು. ಹೊಸ ಮುಚ್ಚಳ, ಪ್ಲಗ್ ವೈರ್ ಸೆಟ್, 1,750 ರೂ. ಅದರ ಮೇಲೆ ಪಾತ್ರೆ ತೊಳೆಯುವ ದಪ್ಪ ರಬ್ಬರ್ ಗ್ಲೌಸ್. ಬೆರಳುಗಳ ತುದಿ ಕತ್ತರಿಸಿ, ಒಂದೊಂದರಿಂದ ಒಂದೊಂದು ವೈರ್ ಹೊರಗೆ ಎಳೆದು, ಬುಡಕ್ಕೆ ಟೇಪ್. ಹಳೇ ಉಪಾಯ, ಈಗಲೂ ನಡೆಯುತ್ತದೆ. ನಾಲ್ಕು ಪ್ಲಗ್ ವೈರ್, ಒಂದು ಕಾಯಿಲ್ ವೈರ್, ಕೈಗೂ ಐದೇ ಬೆರಳು.

ಏಪ್ರಿಲ್ 6, ಐದನೇ ಭಾನುವಾರ: ಸರ್ವಿಸ್ ಅಭ್ಯಾಸ

ಮಾರ್ಚ್ 30 ಯುಗಾದಿ. ಹಬ್ಬದ ದಿನ ಗ್ರೀಸ್ ಮುಟ್ಟಿದರೆ ಮನೆಗೆ ಸೇರಿಸುವುದಿಲ್ಲ ಅಂತ ಮೂರೂ ಮನೆಯಲ್ಲಿ ಹೇಳಿದ್ದರು. ಒಂದು ವಾರ ಹೋಯಿತು.

ಬ್ಲೋವರ್ ವಾಪಸ್ ಹಾಕಿದೆ. ಆಮೇಲೆ ಗಾಡಿ ಓಡಿಸದೆ, ರಿಪೇರಿ ಮಾಡುವುದನ್ನೇ ಟೆಸ್ಟ್ ಮಾಡಿದೆವು. ಹಿಂದಿನ ಒಂದು ಕಡೆಯ ಪ್ಲೇಟ್ ಸೆಟ್ ಮುರಿದಿದೆ ಅಂದುಕೊಂಡು ಬದಲಾಯಿಸುವುದು. ವಿಶ್ವ ರ‍್ಯಾಲಿಯಲ್ಲಿ ದಿನದ ಕೊನೆಯ ದೊಡ್ಡ ಸರ್ವಿಸ್‌ಗೇ ಆಗ 45 ನಿಮಿಷ ಇತ್ತು. ನಾವು 30 ಅಂತ ಗುರಿ ಇಟ್ಟುಕೊಂಡೆವು.

ಮೊದಲ ಸಲ 61 ನಿಮಿಷ. ಅದರಲ್ಲಿ 25 ನಿಮಿಷ ಪ್ಲೇಟನ್ನು ಆಕ್ಸಲ್‌ಗೆ ಕಟ್ಟುವ ಒಂದೇ ಯು-ಬೋಲ್ಟ್‌ಗೆ. ಹಳೆಯ ಬೋಲ್ಟ್‌ಗಳನ್ನೇ ನಾಲ್ಕೈದು ಸಲ ಬಿಚ್ಚಿ ಹಾಕಿದ್ದೆವು, ಮರೆ (ಥ್ರೆಡ್) ಎಳೆದುಕೊಂಡು ಹೋಗಿ ನಟ್ಟು ಅಲ್ಲೇ ಕಚ್ಚಿಕೊಂಡಿತು. ಗ್ರೈಂಡರ್‌ನಲ್ಲಿ ಕತ್ತರಿಸಬೇಕಾಯಿತು. ಸ್ಪರ್ಧೆಯ ಸ್ಟೇಜ್ (ಟೈಮ್ ಹಿಡಿದು ಓಡಿಸುವ ರಸ್ತೆ) ಮಧ್ಯೆ ಕರೆಂಟ್ ಎಲ್ಲಿಂದ ತರೋದು? ಎಂಟು ಹೊಸ ಯು-ಬೋಲ್ಟ್, ನಟ್ಟು, 2,200 ರೂ. ಮರೆಗೆ ಕಾಪರ್ ಗ್ರೀಸ್. ಎರಡನೇ ಸಲ 44. ಮೂರನೇ ಸಲ ಹೊಸ ಸೆಟ್‌ನ ಕಣ್ಣಿನ ಬುಷ್ ಮೊದಲೇ ಹೊಡೆದಿಟ್ಟು, ಜಾಕ್ ಎಲ್ಲಿಡಬೇಕು ಅಂತ ಛಾಸಿ ಮೇಲೆ ಬಿಳಿ ಬಣ್ಣದಲ್ಲಿ ಗುರುತು ಹಾಕಿ 34. ಮೂವತ್ತಕ್ಕೆ ಇಳಿಯಲಿಲ್ಲ. ಮೇಸ್ತ್ರಿಗೆ ಮಂಡಿ ನೋವು, ನಾಲ್ಕನೇ ಸಲ ಬೇಡ ಅಂದೆವು.

ಇನ್ನು ಹಾರ್ನೆಸ್. ಮಧ್ಯಾಹ್ನ ಸುಮ್ಮನೆ ಸೀಟಿನಲ್ಲಿ ಕೂತಿದ್ದ ನ್ಯಾವಿಗೇಟರ್ ಪಟ್ಟಿಯ ಲೇಬಲ್ ತಿರುಗಿಸಿ ಓದಿದಳು. "ಭಾವ, ಇದು ಹೋದ ವರ್ಷಕ್ಕೇ ಮುಗಿದಿದೆ." 2024 ಅಂತ ಹೊಲಿದ ಲೇಬಲ್‌ನಲ್ಲೇ ದೊಡ್ಡದಾಗಿ ಇದೆ. ಇವಕ್ಕೆ ಐದು ವರ್ಷ ಆಯಸ್ಸು. ಅವಧಿ ಮುಗಿದದ್ದು ಕಟ್ಟಿಕೊಂಡು ಹೋದರೆ ಸ್ಪರ್ಧೆಗೆ ಮುಂಚಿನ ತಪಾಸಣೆಯಲ್ಲೇ (ಸ್ಕ್ರೂಟಿನಿ) ಗಾಡಿ ಪಕ್ಕಕ್ಕೆ. ಕೊಳ್ಳುವಾಗ ಬಕಲ್ ಟಕ್ ಅಂತ ಕೂರುತ್ತದಾ ಅಂತ ಹತ್ತು ಸಲ ನೋಡಿದ್ದೆ, ಲೇಬಲ್ ಒಂದು ಸಲವೂ ನೋಡಿರಲಿಲ್ಲ. ಮಾರಿದವನು ಹೇಳಲಿಲ್ಲ, ನಾನು ಕೇಳಲಿಲ್ಲ. ಹೊಸ ಜೋಡಿ 38,000 ರೂ. ಈ ಐದು ವಾರದಲ್ಲಿ ಅತಿ ದೊಡ್ಡ ಖರ್ಚು ಇದೇ.

ಲೆಕ್ಕ

ಟೆಸ್ಟಿಂಗ್ ಖರ್ಚು: ಬಿಡಿಭಾಗ, ಕೂಲಿ ಸೇರಿ 23,600, ಹಾರ್ನೆಸ್ 38,000, ಲಾರಿ ಬಾಡಿಗೆ ಮತ್ತು ಪೆಟ್ರೋಲ್ 27,000. ಒಟ್ಟು 88,600 ರೂ. ಊಟ, ಕಾಫಿ, ಮಲಗುವ ಜಾಗ ಮಾವನದು. ಅದನ್ನು ಲೆಕ್ಕ ಹಾಕಿದರೆ ಅತ್ತೆ ಬೈಯುತ್ತಾರೆ.

ಇದರಲ್ಲಿ ಪೋಲಾದದ್ದು: ಡ್ಯಾಂಪರ್, ಬ್ಯಾಲೆನ್ಸಿಂಗ್, ನನ್ನ ಸುಂದರ ಮೌಂಟ್‌ಗಳು, ಅವು ಸೀಳಿದ ಬ್ರಾಕೆಟ್‌ನ ವೆಲ್ಡಿಂಗ್, ಎಕ್ಸ್‌ಟ್ರಾ ಪ್ಲೇಟ್. ಕೂಡಿದರೆ 8,900. ಹಳೆಯ ಹಾರ್ನೆಸ್‌ನ 14,000 ಸೇರಿಸಿದರೆ 22,900 ರೂ. ಟೈಮ್ 4:00ರಿಂದ 3:53ಕ್ಕೆ ಇಳಿದಿದೆ. ಅದರಲ್ಲಿ ರಸ್ತೆ ಬಾಯಿಪಾಠ ಆದದ್ದರ ಪಾಲೂ ಇದೆ, ಗಾಡಿಯದ್ದೇ ಎಷ್ಟು ಅಂತ ಬೇರೆ ರಸ್ತೆಗೆ ಹೋದಮೇಲೇ ತಿಳಿಯಬೇಕು.

ಬಾಕಿ ಉಳಿದದ್ದು: ನಾಲ್ಕನೇ ಸಿಲಿಂಡರ್‌ನ ಕಂಪ್ರೆಷನ್ ಇನ್ನೊಮ್ಮೆ ನೋಡಬೇಕು. ಬ್ರಾಕೆಟ್‌ನ ಬೆಸುಗೆ ಮೇಲೆ ಬಣ್ಣ ಹಚ್ಚಿಲ್ಲ, ಮತ್ತೆ ಬಿರುಕು ಬಿಟ್ಟರೆ ಕಾಣಲಿ ಅಂತ ಬೇಕಂತಲೇ ಬಿಟ್ಟಿದ್ದೇವೆ. ಇನ್ನೊಂದು ಶಬ್ದ ಇದೆ. ಬಲಗಡೆ ಹಿಂದಿನಿಂದ, ಬಲಕ್ಕೆ ತಿರುಗುತ್ತಾ ಬ್ರೇಕ್ ಹಿಡಿದಾಗ ಮಾತ್ರ, ಒಂದೇ ಒಂದು ಸಲ ಟಕ್ ಅನ್ನುತ್ತದೆ. ಶ್ಯಾಕಲ್ ಬುಷ್ ನೋಡಿದೆವು, ಸರಿ ಇದೆ. ಯು-ಬೋಲ್ಟ್ ಹೊಸದು. ಡ್ರಮ್ ಬಿಚ್ಚಿದೆವು, ಶೂ, ಸ್ಪ್ರಿಂಗ್ ಎಲ್ಲ ಜಾಗದಲ್ಲೇ ಇವೆ. ಪ್ಲೇಟ್‌ಗಳ ಸೆಂಟರ್ ಬೋಲ್ಟ್ ಇರಬಹುದು ಅಂತ ಮೇಸ್ತ್ರಿ, ಆಕ್ಸಲ್ ಬೇರಿಂಗ್ ಅಂತ ನಾನು. ಈ ಸಲ ಅವರನ್ನು ಕೇಳಿಯೇ ಬಿಚ್ಚುತ್ತೇನೆ. ಜಿಪ್ಸಿಯಲ್ಲಿ ಈ ಶಬ್ದ ಕೇಳಿದವರು ಯಾರಾದರೂ ಇದ್ದರೆ ದಯವಿಟ್ಟು ಹೇಳಿ, ಶನಿವಾರದೊಳಗೆ.